ತುಂಬೆ ಹೂವಿನ ಕೆಳಗೆ ಕೂತವರು

ಗೆಳೆಯರೇ, ಇವತ್ತು ಊಟದ ಹೊತ್ತಿಗೆ ಆಫೀಸಿನ ಹಿಂದಿನ ಬಯಲಿನಲ್ಲಿ ನಮ್ಮ ಕ್ಲಾರ್ಕ್ ಹುಡುಗಿಯರಿಗೆ ಹೂವು ತೋರಿಸುತ್ತ ಅಡ್ಡಾಡುತ್ತಿದ್ದೆ. ನಾನು ಬರೀ ಡ್ರೈವರ್ ಇರಬಹುದು, ಆದರೆ ಕಾಡುಹೂವಿನ ವಿಷಯದಲ್ಲಿ ಇಡೀ ಧಾರವಾಡದಲ್ಲಿ ನನ್ನನ್ನು ಮೀರಿಸುವವರಿಲ್ಲ. "ಈ ತುಂಬಿ ಯಾರೂ ಬಿತ್ತಿದ್ದಲ್ಲ, ತಾನ ಹುಟ್ಟೇತಿ ನೋಡ್ರಿ" ಎನ್ನುತ್ತ, ಹೂವಿನಿಂದ ಬೆಳ್ಳಗಾಗಿದ್ದ ದಿಬ್ಬ ಹತ್ತಿದೆ.

"ಇಳೀರಿ ಕೆಳಗ! ನಮ್ಮ ಯಜಮಾನ್ರ ತಲಿ ಮ್ಯಾಲ ನಿಂತೀರಿ!" ಎಂದು ಒಬ್ಬ ಅಜ್ಜಿ ಬೇಲಿಯಾಚೆಯಿಂದ ಕೂಗಿದರು.

ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಹೂಳುವುದು ನಮ್ಮ ಮಂದಿಯ ಪದ್ಧತಿ. ಅಜ್ಜಿಯ ಗಂಡನನ್ನು ಕೂರಿಸಿದ ಈ ಹೊಲವನ್ನು ಅವರ ಮೈದುನರು ಮಾರಿದ್ದಾರೆ. ಕೊಂಡದ್ದು ನಮ್ಮ ಆಫೀಸು. ಗಾಡಿ ನಿಲ್ಲಿಸಲು ನಾಳೆ ಜೆಸಿಬಿ ಬಂದು ನೆಲ ಸಮ ಮಾಡುತ್ತದೆ. ಗುರುತಿಗಿರಲೆಂದು ತುಂಬೆ ಬಿತ್ತಿದ್ದು ಈ ಅಜ್ಜಿಯೇ.

"ನಿಮ್ಮ ಸಾಹೇಬ್ರಿಗೆ ಒಂದ್ ಮಾತ ಹೇಳ್ರಿ ಅಣ್ಣಾ, ಇಷ್ಟ ಜಾಗಾ ಬಿಡ್ಲಿ."

"ಅವರು ನನ್ನ ಮಾತ ಮೀರೂದಿಲ್ಲ ಬಿಡು ಯವ್ವಾ" ಎಂದೆ.

ಸಾಹೇಬರ ಮುಂದೆ ಹೋಗಿ ನಿಂತೆ. "ಏನ್ ಕಾಕಾ?" ಎಂದರು.

"ಗಾಡಿ ತರ್ಲೇನ್ರಿ?" ಎಂದು ಕೇಳಿ ಹೊರಗೆ ಬಂದೆ.

ಇನ್ನು ಮೇಲೆ ಆ ಅಜ್ಜನ ತಲೆಯ ಮೇಲೆ ಗಾಡಿ ನಿಲ್ಲಿಸುವವನು ನಾನೇ. ಹಾರ್ನ್ ಮಾತ್ರ ಹೊಡೆಯುವುದಿಲ್ಲ. ಹಿರಿಯರಿಗೆ ಅಷ್ಟು ಮರ್ಯಾದೆ ಕೊಡುವ ಗಂಡಸು ನಾನು.