ಏಳಕ್ಕೆ ಮುಗಿಯುವ ಹಾಡು

ಬಣ್ಣ ಬಳಿಯುವವರೆಲ್ಲ ಅವನನ್ನು ಏಳೇಟು ಎಂದೇ ಕರೆಯುತ್ತಿದ್ದರು. ಗೋಡೆಯ ಮೇಲೆ ಏಳು ಸಲ ಬ್ರಷ್ ಎಳೆದು ಡಬ್ಬಿಗೆ ಅದ್ದುತ್ತಿದ್ದ. ಬಣ್ಣ ಉಳಿದಿದ್ದರೂ ಎಂಟನೆಯ ಸಲ ಎಳೆಯುತ್ತಿರಲಿಲ್ಲ.

"ಎಂಟನೇದಕ್ಕೆ ಕೂಲಿ ಬೇರೆ ಕೊಡಬೇಕೇನಪ್ಪಾ?" ಎಂದು ಮೇಸ್ತ್ರಿ ಕಾಲೆಳೆದರೆ ನಕ್ಕು ಬ್ರಷ್ಷನ್ನು ಮತ್ತೆ ಡಬ್ಬಿಗೆ ಅದ್ದುತ್ತಿದ್ದ.

ಆ ಅಭ್ಯಾಸ ಹತ್ತಿದ್ದು ಒಂದು ಹಾಡಿನಿಂದ. ಊರಾಚೆಯ ಬಡಾವಣೆಯಲ್ಲಿ, ಅವನೇ ಬಾಡಿಗೆಗಿದ್ದ ಬೀದಿಗೆ, ರಾಕ್ ತಂಡವೊಂದು ವಿಡಿಯೋ ತೆಗೆಯಲು ಬಂದಿತ್ತು. ಕೆಲಸ ಮುಗಿಸಿ ಬಂದ ಗುಮಾಸ್ತನಿಗೆ ಒಂದೇ ತರಹದ ಮನೆಗಳ ನಡುವೆ ತನ್ನ ಮನೆ ಸಿಗುವುದಿಲ್ಲ. ಹಾಡಿನ ಕತೆ ಅಷ್ಟೆ. ಅದಕ್ಕಾಗಿ ಬೀದಿಯ ಮನೆಗಳಿಗೆಲ್ಲ ಬೂದಿಬಣ್ಣ ಬಳಿಯುವ ಕೆಲಸ ಅವನ ಪಾಲಿಗೆ ಬಂತು. ಸ್ಪೀಕರಿನಲ್ಲಿ ದಿನವಿಡೀ ಅದೇ ಹಾಡು. ಕೀಬೋರ್ಡು, ಗಿಟಾರು ಜಗಳಕ್ಕೆ ಬಿದ್ದಂತೆ ಒಂದರ ಮೇಲೊಂದು ಏರುತ್ತಿದ್ದವು. ತಾಳ ಮಾತ್ರ ಬೇರೆ ಹಾಡುಗಳಂತೆ ಎಂಟಕ್ಕೆ ಹೋಗದೆ ಏಳಕ್ಕೇ ಮುಗಿದು ಮತ್ತೆ ಒಂದಕ್ಕೆ ಹಾರುತ್ತಿತ್ತು.

"ಈ ಹಾಡು ಕುಂಟುತ್ತೆ ಕಣ್ರೀ," ಎಂದಿದ್ದಳು ಹೆಂಡತಿ. "ಹೆಜ್ಜೆ ಇಡೋಕೆ ಹೋದ್ರೆ ನೆಲಾನೇ ಇರಲ್ಲ!"

ಚಿತ್ರೀಕರಣದ ದಿನ ಗುಮಾಸ್ತನ ಪಾತ್ರದವನು ಬೀದಿಯಲ್ಲಿ ದಿಕ್ಕು ತೋಚದೆ ನಿಂತಾಗ ಅವಳು ಮಹಡಿಯ ಕಂಬಿಯ ಹಿಂದೆ ನಿಂತು ನೋಡುತ್ತಿದ್ದಳು. ಹಾಗೇ ವಿಡಿಯೋದಲ್ಲಿ ಸೇರಿಹೋದಳು.

ಮರುವರ್ಷ ಜ್ವರ ಬಂದು ತೀರಿಕೊಂಡಳು. ಮಗಳಿಗೆ ಆಗ ಇನ್ನೂ ಮಾತು ಬಂದಿರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಫೋಟೋ. ಅದರಲ್ಲೂ ಅವಳು ಕಣ್ಣು ಮುಚ್ಚಿದ್ದಳು. ಹಾಡಿನ ವಿಡಿಯೋ ಕ್ಯಾಸೆಟ್ಟನ್ನು ಅವನು ನೋಡಿ ನೋಡಿ ಸವೆಸಿದ. ಕೊನೆಗೆ ಯಂತ್ರ ಅದನ್ನು ನುಂಗಿಹಾಕಿತು.

"ಅಮ್ಮನ ಕಣ್ಣು ಹೇಗಿತ್ತಪ್ಪಾ?" ಎಂದು ಮಗಳು ಕೇಳಿದಾಗಲೆಲ್ಲ, "ಆ ಹಾಡು ಸಿಗಲಿ, ನೀನೇ ನೋಡುವೆಯಂತೆ," ಎನ್ನುತ್ತಿದ್ದ.

ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಒಂದು ಸಂಜೆ ಓಡುತ್ತಲೇ ಬಂದಳು. "ಅಪ್ಪಾ, ಸಿಕ್ತು! ಹಳೇ ವಿಡಿಯೋನ ಸ್ವಚ್ಛ ಮಾಡಿ ಮತ್ತೆ ಇಂಟರ್ನೆಟ್ಟಿಗೆ ಹಾಕಿದ್ದಾರೆ. ನಾನಿನ್ನೂ ನೋಡಿಲ್ಲ, ಬಾ."

ಅವನು ಕೈಯ ಬಣ್ಣ ಉಜ್ಜಿ ತೊಳೆದು, ಕನ್ನಡಕ ಹಾಕಿಕೊಂಡು ಕುಳಿತ. ಮೊಬೈಲಿನಲ್ಲಿ ಬೂದಿಬಣ್ಣದ ಬೀದಿ ಕಂಡಿತು. ಗುಮಾಸ್ತ ಬಂದ, ನಿಂತ.

"ಈಗ. ಮೇಲೆ ನೋಡಮ್ಮ."

ಮೇಲೆ ಕಂಬಿಗಳಿದ್ದವು, ಅವುಗಳ ಹಿಂದೆ ಎರಡು ಪಾದಗಳು. ಅಷ್ಟೇ. ಅಗಲದ ಪರದೆಗೆ ಹೊಂದಿಸಲು ಯಾರೋ ಚಿತ್ರದ ಮೇಲ್ಭಾಗವನ್ನು ಕತ್ತರಿಸಿಬಿಟ್ಟಿದ್ದರು.

"ಮುಖ ಎಲ್ಲಪ್ಪಾ?"

"ಇತ್ತಮ್ಮ... ಇಲ್ಲೇ ಮೇಲಿತ್ತು." ಪರದೆಯ ಮೇಲಂಚಿಗೆ ಹೆಬ್ಬೆರಳಿಟ್ಟು ಅವನು ಕೆಳಗೆ ಎಳೆದ. ಹಸಿ ಬಣ್ಣವಾಗಿದ್ದರೆ ಇಳಿಯುತ್ತಿತ್ತೇನೋ. ಹಾಡು ನಿಂತುಹೋಯಿತು.

ಮಗಳು ಕಣ್ಣೊರೆಸಿಕೊಂಡು ಮತ್ತೆ ಹಚ್ಚಿದಳು. ಮೂರನೆಯ ಸಲಕ್ಕೆ ಅವನ ತೋಳು ಹಿಡಿದಳು. "ಅಪ್ಪಾ, ಅಮ್ಮನ ಕಾಲು ನೋಡು."

ಬಲಗಾಲು ತಾಳ ಹಾಕುತ್ತಿತ್ತು. ಅಷ್ಟು ಸಲ ನೋಡಿದ್ದರೂ ಅವನಿಗೆ ಅದು ಕಂಡಿರಲೇ ಇಲ್ಲ. ಅವನು ನೋಡುತ್ತಿದ್ದದ್ದು ಮುಖವನ್ನು. ಅವನ ತುಟಿ ತಾನಾಗಿ ಎಣಿಸಿತು. ಏಳಾಯಿತು. ಎಂಟಕ್ಕೆಂದು ಪಾದ ಮೇಲೆದ್ದಿತು. ಹಾಡು ಆಗಲೇ ಒಂದಕ್ಕೆ ಹಾರಿತ್ತು. ಮಗಳು ಅಲ್ಲಿಗೇ ನಿಲ್ಲಿಸಿದಳು.

ಪಾದ ಗಾಳಿಯಲ್ಲೇ ಇತ್ತು.

"ಮುಂದಕ್ಕೆ ಬಿಡ್ಲಾ ಅಪ್ಪಾ?"

"ಸ್ವಲ್ಪ ತಡಿಯಮ್ಮ," ಎಂದ ಅವನು.