ಎಂಜಿನ್ ಮಾಬ್ಲೇಶ್ವರ

ಬೈತಖೋಲದಲ್ಲಿ ಎಂಜಿನ್ ಮಾಬ್ಲೇಶ್ವರನೆಂದರೆ ಬಂದರಿನ ಬೆಕ್ಕಿಗೂ ಗೊತ್ತು. ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಮೊಣಕಾಲು ಸೋತ ಮೇಲೆ ಬೋಟಿನ ಕೆಲಸ ಬಿಟ್ಟವನು, ಹುಲ್ಲು ಕೊಯ್ಯುವ ಯಂತ್ರದ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಹಳೇ ಸೈಕಲ್ಲಿನ ಚೌಕಟ್ಟಿನೊಳಗೆ ಕೂರಿಸಿದ್ದಾನೆ. ನಟ್ಟು ಬೋಲ್ಟನ್ನು ಅವನು ನಂಬುವವನಲ್ಲ. "ಉಪ್ಪು ಗಾಳಿ ಕಬ್ಬಿಣ ತಿಂತದೆ, ಬಲೆ ಹುರಿ ತಿನ್ನೂದಿಲ್ಲ" ಎಂದು ಎಲ್ಲವನ್ನೂ ಹುರಿಯಲ್ಲೇ ಬಿಗಿಯುತ್ತಾನೆ. ಬೋಟನ್ನು ದಡಕ್ಕೆ ತರುವವನಂತೆ ದೂರದಲ್ಲೇ ಎಂಜಿನ್ ಆರಿಸಿ, ತೇಲಿಕೊಂಡು ಬಂದು ಅಂಗಳ ಮುಟ್ಟುತ್ತಾನೆ. "ಹೋಯ್, ಲಂಗರು ಮರ್ತ್ರಿ!" ಎಂದು ಹೆಂಡತಿ ದುರ್ಗಿ ಕೂಗದ ದಿನವಿಲ್ಲ. ಮೀನಿನ ಬುಟ್ಟಿಯನ್ನು ಕಂಡಕ್ಟರು ಬಸ್ಸಿಗೆ ಹತ್ತಿಸಲು ಬಿಡುವುದಿಲ್ಲವೆಂದು ಅವಳು ಬರಿಗೈಯಲ್ಲಿ ಬಸ್ಸು ಹತ್ತಿ ಅರ್ಗಾಕ್ಕೆ ಮೀನು ಮಾರಲು ಹೋಗುತ್ತಾಳೆ, ಬುಟ್ಟಿ ಇವನ ಸೈಕಲ್ಲಿನಲ್ಲಿ ಹಿಂದಿನಿಂದ ಬರುತ್ತದೆ. ಬಂದರೆ ಬಂತು. ಎಷ್ಟೋ ಸಲ ಬಿಣಗಾ ಘಾಟಿಯ ಏರಿನಲ್ಲಿ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಕಾದು ಬೇಸತ್ತ ದುರ್ಗಿ ಹುಡುಕಿಕೊಂಡು ಬಂದು, "ನನ್ನ ಸಿಂಬೆ ಕೊಡಿ, ಮೊದ್ಲಿನ ಹಾಗೆ ತಲೆ ಮೇಲೇ ಹೊರ್ತೆ" ಎನ್ನುತ್ತಾಳೆ. ಬುಟ್ಟಿ ಹೊರುವಾಗ ಅವಳು ತಲೆಗಿಟ್ಟುಕೊಳ್ಳುತ್ತಿದ್ದ ಆ ಬಟ್ಟೆಯ ಸಿಂಬೆ ಈಗ ಎಂಜಿನ್ನಿನ ಅಡಿಯಲ್ಲಿದೆ, ನಡುಕ ತಡೆಯಲೆಂದು. ರಬ್ಬರು ಸಿಗದೆ ಅಲ್ಲ. ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದು ಬೋಳಾದ ಜಾಗವನ್ನು, ಅವಳು ತಲೆ ಬಾಚಿಕೊಳ್ಳುವಾಗ ಇವನು ನೋಡಿದ್ದಾನೆ. "ಅದ್ನ ತೆಗೆದ್ರೆ ಎಂಜಿನ್ನೇ ಕೆಳಗೆ ಬೀಳ್ತದೆ ಮಾರಾಯ್ತಿ" ಎಂದಷ್ಟೇ ಹೇಳಿ, ಸೋತ ಕಾಲನ್ನು ಎಳೆಯುತ್ತ ಏರಿನಲ್ಲಿ ಸೈಕಲ್ಲು ತಳ್ಳುತ್ತಾನೆ. ದುರ್ಗಿ ಹಿಂದಿನಿಂದ ಬುಟ್ಟಿಗೆ ಕೈ ಹಚ್ಚುತ್ತಾಳೆ.