ಕಮೋಡಿನ ಹಿಂದಿನ ಒದ್ದೆ

ನನ್ನ ದಿನಚರಿಯನ್ನು ಯಾರಾದರೂ ಕದ್ದು ಓದಿದರೆ ಅವರಿಗೆ ನಿರಾಸೆ ಖಂಡಿತ. ಹುಣಸೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿ ಏನೇನು ಬರೆದಿರಬಹುದೋ ಎಂದು ಆಸೆಯಿಂದ ತೆರೆದವರಿಗೆ, ಆ ವರ್ಷದ ಪುಟಗಳಲ್ಲಿ ಸಿಗುವುದು ಒಂದು ಕಮೋಡು. ‘ಬೆಳಿಗ್ಗೆ: ಒದ್ದೆ. ಮಧ್ಯಾಹ್ನ: ಒಣಗಿದಂತೆ ಕಂಡಿತು, ಬೆರಳಿಟ್ಟು ನೋಡಿದೆ, ಒದ್ದೆ. ಸಂಜೆ: ಒದ್ದೆ.’ ತಾರೀಖು ಹಾಕಿ, ಕೆಳಗೆ ಗೆರೆ ಎಳೆದು ಬರೆದಿದ್ದೇನೆ. ಪ್ರೇಮಪತ್ರಕ್ಕೂ ಯಾರೂ ಇಷ್ಟು ಶಿಸ್ತು ತೋರಿಸಲಾರರು.

ಕಮೋಡು ಬಂದದ್ದು ಅವ್ವನಿಗಾಗಿ. ಹಿತ್ತಿಲಿನ ಹಳೆಯ ಕಕ್ಕಸಿನ ಒದ್ದೆ ನೆಲದಲ್ಲಿ ಜಾರಿಬಿದ್ದು ಅವಳು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೈಸೂರಿನಲ್ಲಿ ಆಪರೇಷನ್ ಆಯಿತು. ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ ಎಂದರು ಡಾಕ್ಟರು. ಅದನ್ನು ಬಿಟ್ಟು ಬೇರೆ ರೀತಿ ಕೂರುವ ಏರ್ಪಾಡು ನಮ್ಮ ಮನೆಯಲ್ಲಿ ಇರಲಿಲ್ಲ. ಬಿಳಿಕೆರೆಯ ನನ್ನ ಸೋದರಮಾವನ ಮನೆಯಲ್ಲಿತ್ತು. ಹೀಗೆ ಅವ್ವ ಒಂದು ಕಮೋಡಿನ ಕಾರಣಕ್ಕೆ ತವರು ಸೇರಿದಳು. ಅವಳನ್ನು ವಾಪಸು ಕರೆತರಲು ನಾವೂ ಒಂದು ಕಮೋಡು ತಂದೆವು.

ಅದನ್ನು ಬಚ್ಚಲಲ್ಲಿ ಕೂರಿಸಿದವನು ಚಿಕ್ಕಪ್ಪ. ಹೊರಗಿನವರನ್ನು ಕರೆಸುವ ಮಾತೇ ಬರಲಿಲ್ಲ, ಯಾಕೆಂದರೆ ನಮ್ಮ ಸುತ್ತಿನಲ್ಲಿ ಕೊಳವೆ ಎಂದರೆ ಚಿಕ್ಕಪ್ಪ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಒಲೆಯಿಂದ ಹೊಗೆಗೂಡಿನವರೆಗೆ ತಗಡಿನ ಕೊಳವೆ ಓಡುತ್ತದಲ್ಲ, ಅದನ್ನು ಜೋಡಿಸುವುದರಲ್ಲಿ ಪಿರಿಯಾಪಟ್ಟಣದ ತನಕ ಅವನಿಗೆ ಹೆಸರು. ತುಸು ತುಸುವೇ ಏರುತ್ತಾ ಹೋಗುವಂತೆ, ಸಂದಿನಲ್ಲಿ ಒಂದೆಳೆ ಹೊಗೆಯೂ ಹೊರಬರದಂತೆ ಕೂರಿಸುತ್ತಾನೆ. ಹೊಗೆಯನ್ನೇ ಕಟ್ಟಿಹಾಕಿದವನಿಗೆ ನೀರು ಯಾವ ಲೆಕ್ಕ? ಅತ್ತಿಗೆಗೆಂದು ಎರಡು ದಿನ ಒಬ್ಬನೇ ಕೂತು, ಊಟಕ್ಕೂ ಏಳದೆ ಕೆಲಸ ಮುಗಿಸಿದ. ಹಿಡಿದು ಏಳಲು ಗೋಡೆಗೆ ಕಬ್ಬಿಣದ ಹಿಡಿಯನ್ನೂ ಹಾಕಿದ. ಮಾರನೆಯ ಬೆಳಿಗ್ಗೆ ನೋಡಿದರೆ ಕಮೋಡಿನ ಹಿಂದೆ ಅಂಗೈಯಗಲ ನೀರು.

ಕನ್ನಡದಲ್ಲಿ ನೀರು ತಪ್ಪಿಸಿಕೊಳ್ಳುವುದಕ್ಕೆ ಎಷ್ಟೊಂದು ಮಾತುಗಳಿವೆ ಎಂದು ನನಗೆ ತಿಳಿದದ್ದು ಆಗ. ಮಾಡು ಸೋರುತ್ತದೆ, ಬಂಡೆ ಒಸರುತ್ತದೆ, ಮಡಕೆ ಜಿನುಗುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ. ನಮ್ಮ ಹಿರಿಯರು ಒಡ್ಡು, ತೂಬು, ಕಾಲುವೆಗಳ ಹಿಂದೆ ಬಿದ್ದು ಇಷ್ಟನ್ನೂ ಬೇರೆಬೇರೆಯಾಗಿ ಗುರುತಿಸಿ ಹೆಸರಿಟ್ಟಿದ್ದಾರೆ. ಹುಣಸೂರಿನ ಹಾರ್ಡ್‌ವೇರ್ ಅಂಗಡಿಯವರಿಗೆ ನಾನು ಈ ವಿಂಗಡಣೆಯನ್ನೆಲ್ಲ ಒಪ್ಪಿಸಿ, ನಮ್ಮದು ಜಿನುಗುವುದಕ್ಕಿಂತ ಹೆಚ್ಚು, ಸೋರುವುದಕ್ಕಿಂತ ಕಡಿಮೆ ಎಂದೆ. ಅವರು ಸಮಾಧಾನದಿಂದ ಕೇಳಿ, ಒಂದು ವಾಷರ್ ಕೊಟ್ಟರು.

ವಾಷರ್ ಹಾಕಿದೆವು. ಒದ್ದೆ. ಚಿಕ್ಕಪ್ಪ ಬುಡದ ಸುತ್ತ ಬಿಳಿ ಸಿಮೆಂಟು ಮೆತ್ತಿದ. ಒದ್ದೆ. ಮೊದಲಿನದನ್ನು ಕೆತ್ತಿ ಇನ್ನೂ ದಪ್ಪಗೆ ಮೆತ್ತಿದ. ಕಮೋಡು ಅಡ್ಡಪಂಚೆ ಉಟ್ಟಂತೆ ಕಾಣತೊಡಗಿತು, ಪಂಚೆಯೂ ಒದ್ದೆ. ಯಾರೂ ಒಮ್ಮೆಯೂ ಕೂರದ, ಬರೀ ನೀರು ಬಿಟ್ಟು ಬಿಟ್ಟು ನೋಡುವ ಆ ಪಿಂಗಾಣಿ ವಸ್ತುವನ್ನು ಮನೆಮಂದಿಗೆಲ್ಲ ಬೆಳಿಗ್ಗೆ ಎದ್ದು ಬಾಗಿ ನೋಡುವ ಅಭ್ಯಾಸವಾಯಿತು.

ಭಾನುವಾರ ಬಿಳಿಕೆರೆಗೆ ಹೋದರೆ ಅವ್ವ ನನ್ನ ಮುಖ ನೋಡಿಯೇ ಉತ್ತರ ತಿಳಿದುಕೊಳ್ಳುತ್ತಿದ್ದಳು. ಒರೆಸುತ್ತಾ ಇರುತ್ತೇನೆ, ಗೋಣಿತಾಟು ಹಾಸುತ್ತೇನೆ, ಬಂದುಬಿಡು ಎಂದು ಒಮ್ಮೆ ಗೋಗರೆದೆ. ಅವ್ವ ವಾಕರಿನ ಹಿಡಿಯನ್ನು ಸವರುತ್ತಾ ಹೇಳಿದಳು: “ಅವತ್ತು ನನ್ನ ಕೆಡವಿದ್ದೂ ಅಂಗೈಯಗಲ ನೀರೇ ಕಣವ್ವ. ಇನ್ನೊಂದು ಸಲ ಬಿದ್ರೆ ಏಳಕಿಲ್ಲ ನಾನು. ಅದು ನಿಲ್ಲಲಿ, ಬತ್ತೀನಿ.”

ವಾಪಸು ಬರುವ ಬಸ್ಸಿನಲ್ಲಿ ಕೂತು ನಿರ್ಧರಿಸಿದೆ: ಇನ್ನು ಮೆತ್ತುವುದು ಸಾಕು, ಹುಡುಕುವುದು.

ಬಟ್ಟೆಗೆ ಹಾಕುವ ನೀಲಿಯನ್ನು ಕರಗಿಸಿ ಮೇಲಿನ ನೀರಿನ ಡಬ್ಬಕ್ಕೆ ಸುರಿದು, ಫ್ಲಶ್ ಒತ್ತಿದೆ. ಒಂದೇ ಸಲ. ಆಮೇಲೆ ಕಾಲೇಜಿಗೆ ಚಕ್ಕರ್ ಹೊಡೆದು ಮಣೆ ಹಾಕಿಕೊಂಡು ಕೂತೆ. ಸಂದು ಬಿಟ್ಟಿದ್ದಷ್ಟೇ ತಪ್ಪಾಗಿದ್ದರೆ, ನೀರು ಹಾದುಹೋಗುವಾಗ ಒಂದಿಷ್ಟು ಹೊರಬಂದು ನಿಂತುಹೋಗಬೇಕು. ನಮ್ಮ ನೀಲಿ ಮಧ್ಯಾಹ್ನವೂ ಬಂತು, ಸಂಜೆಗೂ ಬಂತು. ಅಂದರೆ ನೀರು ಹಿತ್ತಿಲಿನ ಕಕ್ಕಸುಗುಂಡಿಗೆ ಹೋಗದೆ ಕೊಳವೆಯೊಳಗೇ ಬಿಡಾರ ಹೂಡಿದೆ. ಗೋಡೆಯ ಹಿಂದಿನ ಮಣ್ಣನ್ನು ಸನಿಕೆಯಿಂದ ಕೆದಕಿ ಕೊಳವೆಯ ಬೆನ್ನು ಕಾಣುವಂತೆ ಮಾಡಿದೆ. ಒಂದು ಬಾಟಲಿಗೆ ಗುಳ್ಳೆಯಷ್ಟು ಜಾಗ ಬಿಟ್ಟು ನೀರು ತುಂಬಿ ಅದರ ಮೇಲೆ ಉದ್ದಕ್ಕೆ ಮಲಗಿಸಿದೆ. ಗುಳ್ಳೆ ಯಾವಾಗಲೂ ಎತ್ತರದ ಕಡೆಗೆ ಹೋಗುತ್ತದೆ. ಅದು ಯಾವ ಅನುಮಾನವೂ ಇಲ್ಲದೆ ಗುಂಡಿಯ ಕಡೆಗೆ ಹೋಯಿತು.

ಚಿಕ್ಕಪ್ಪ ನೀರಿನ ಕೊಳವೆಗೆ ಏರು ಕೊಟ್ಟಿದ್ದ. ತುಸು ತುಸುವೇ, ಅಚ್ಚುಕಟ್ಟಾಗಿ, ಬ್ಯಾರನ್ನಿಗೆ ಕೊಡುವ ಹಾಗೆಯೇ.

ಅಪ್ಪನಿಗೆ ತೋರಿಸಿದೆ. ಅಪ್ಪ ಬಾಟಲಿಯನ್ನು ಆ ಕಡೆ ಈ ಕಡೆ ತಿರುಗಿಸಿಟ್ಟು ನೋಡಿ, ಸುತ್ತಲೂ ಕಣ್ಣಾಡಿಸಿದ. ಹೆಸರು ಮಾಡಿದ ಕೈ ಅದು, ನೀನು ಬಾಯಿ ಬಿಡಬೇಡ, ಬೇಕಾದರೆ ಅವನು ಇಲ್ಲದಾಗ ನಾವೇ ಸರಿಮಾಡೋಣ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ನಮ್ಮ ಕಡೆ ಇಷ್ಟು ದೊಡ್ಡ ಕಾರಣವೂ ಬೇಕಿಲ್ಲ. ಆದರೆ ಕದ್ದು ಸರಿಮಾಡಿದರೆ ಅದು ಅವನ ಕೆಲಸಕ್ಕೆ ಮಾಡುವ ಇನ್ನೂ ದೊಡ್ಡ ಅವಮಾನವೆಂದು ನನಗೆ ಅನ್ನಿಸಿತು. ಬಾಟಲಿಯನ್ನು ಅಲ್ಲೇ ಬಿಟ್ಟು ಚಿಕ್ಕಪ್ಪನಿಗೆ ಕಾಫಿ ತಂದುಕೊಟ್ಟೆ, ಹಿತ್ತಿಲಿಗೇ.

ಅವನು ಕಾಫಿ ಹಿಡಿದುಕೊಂಡು ಕುಕ್ಕರಿಸಿ ಕೂತ. ಗುಳ್ಳೆಯನ್ನು ನೋಡಿದ. ಬಾಟಲಿಯನ್ನು ತಟ್ಟಿದ, ಗುಳ್ಳೆ ಅಲುಗಾಡಿ ಮತ್ತೆ ಅಲ್ಲಿಗೇ ಹೋಯಿತು. ಬಾಗಿಲ ಮರೆಯಲ್ಲಿ ನಿಂತ ಅಪ್ಪನ ಉಸಿರು ನನಗೆ ಕೇಳುತ್ತಿತ್ತು.

“ಲೇ ಮಗ,” ಅಂದ ಕೊನೆಗೆ. “ನಿಮ್ಮವ್ವ ಕೂತ್ಕಂಡ್ಮೇಲೆ ಕೆಳಗೆ ಸೌದೆ ಹಾಕ್ತಾರೆ ಅಂದ್ಕಂಡಿದ್ನೇನೋ ಕಣವ್ವ ನಾನು.”

ಮೊದಲು ನಕ್ಕವನೂ ಅವನೇ. ಆಮೇಲೆ ನಗು ನಿಲ್ಲಿಸಿ, “ಕೈ ಅದರಷ್ಟಕ್ಕೆ ಅದು ಏರ್ಸ್‌ಬುಡ್ತು. ಕೇಳ್ಲೇ ಇಲ್ಲ ನನ್ನ” ಎಂದ. ಬಾಗಿಲ ಮರೆಗೆ ತಿರುಗಿ, “ಬಾ ಅಣ್ಣ, ಹಾರೆ ತಕಂಡು ಬಾ” ಎಂದು ಕರೆದ.

ನಾನು ಆಮೇಲೆ ಬಹಳ ಸಲ ಆ ಮಾತನ್ನು ನೆನೆದಿದ್ದೇನೆ. ಬಾರದ ಕೆಲಸವಾದರೆ ನಾವು ಕೇಳಿ ಕೇಳಿ ಮಾಡುತ್ತೇವೆ. ಚೆನ್ನಾಗಿ ಬರುವ ಕೆಲಸದಲ್ಲಿ ಕೈಯೇ ಯಜಮಾನ. ನನಗೂ ಅಷ್ಟೆ, ಗೆರೆ ಎಳೆದು ‘ಒದ್ದೆ’ ಎಂದು ಬರೆಯುವುದರಲ್ಲಿ ಪಳಗಿಹೋಗಿ, ನೆಲ ಯಾಕೆ ಒದ್ದೆಯೆಂದು ಕೇಳುವುದನ್ನು ನಾನೂ ಎಷ್ಟೋ ದಿನ ಮರೆತಿದ್ದೆ.

ಗುಂಡಿಯ ಗೋಡೆಗೆ ತಗ್ಗಿನಲ್ಲಿ ಹೊಸ ತೂತು ಕೊರೆದು, ಕೊಳವೆಯನ್ನು ಇಳಿಜಾರಾಗಿ ಕೂರಿಸಿ, ಸಿಮೆಂಟಿನ ಪಂಚೆಯನ್ನು ಕೆತ್ತಿ ತೆಗೆದೆವು. ಬೆಳಿಗ್ಗೆ ಬೆರಳಿಟ್ಟೆ. ಒಣ. ಸಂಜೆ ಇಟ್ಟೆ. ಒಣ. ನಂಬಿಕೆ ಬಾರದೆ ನ್ಯೂಸ್‌ಪೇಪರ್ ಹಾಸಿ ನೋಡಿದೆ, ಒಂದಕ್ಷರವೂ ನೆನೆಯಲಿಲ್ಲ. ಆ ಹಾಳೆಯನ್ನೇ ಮಡಚಿಕೊಂಡು ಬಿಳಿಕೆರೆಗೆ ಹೋದೆ.

ಅವ್ವ ಬಂದಳು. ವಾಕರ್ ಊರುತ್ತಾ ನೇರ ಬಚ್ಚಲಿನ ಬಾಗಿಲಿಗೆ ಹೋದಳು. ಚಿಕ್ಕಪ್ಪ, ಅಪ್ಪ, ನಾನು ಹಿಂದೆ. ಬಗ್ಗಲಾಗದ ಅವಳು ಹೊಸ್ತಿಲಲ್ಲೇ ನಿಂತು ನನ್ನಿಂದ ನೆಲ ಮುಟ್ಟಿಸಿ, ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಒಣಗಿದೆಯೆಂದು ಖಾತ್ರಿಮಾಡಿಕೊಂಡಳು. ಆಮೇಲೆ, “ಎಲ್ಲಾರೂ ಮೆಟ್ಟಾಡಿದ್ದೀರಿ. ಎರಡು ಬಿಂದಿಗೆ ನೀರು ಉಯ್ದು ತೊಳಿ” ಎಂದಳು.

ಇಷ್ಟು ದಿನ ಒಣಗಿಸಿದ ನೆಲಕ್ಕೆ ನೀರು ಸುರಿಯುವುದೆ? ಚಿಕ್ಕಪ್ಪನ ಮುಖ ಪೆಚ್ಚಾಯಿತು. ಅವ್ವ ಅದನ್ನು ಕಂಡಳು.

“ಇದು ನಾವು ಉಯ್ದ ನೀರು ಕಣಪ್ಪ. ಎಲ್ಲಿಂದ ಬಂತು ಅಂತ ಗೊತ್ತದೆ, ಒರೆಸಿದ್ರೆ ಹೋಯ್ತದೆ. ಗೊತ್ತಿರೋ ನೀರಿಗೆ ನಾನ್ಯಾಕೆ ಎದ್ರಲಿ?”

ಸುರಿದೆ, ಉಜ್ಜಿದೆ, ಒರೆಸಿದೆ. ಅವಳು ಕಬ್ಬಿಣದ ಹಿಡಿಯನ್ನು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನದ ಪುಟದಲ್ಲಿ ತಾರೀಖು ಹಾಕಿ, ಗೆರೆ ಎಳೆದು, ಒದ್ದೆ ಎನ್ನಲೋ ಒಣ ಎನ್ನಲೋ ತಿಳಿಯದೆ ಸ್ವಲ್ಪ ಹೊತ್ತು ಕೂತೆ. ಕೊನೆಗೆ ‘ಅವ್ವ ಮನೆಯಲ್ಲಿದ್ದಾಳೆ’ ಎಂದು ಬರೆದೆ.